ಜಗತ್ತನ್ನೆಲ್ಲ ಆನ್‌ಲೈನ್‌ಗೆ ತರೋಕೆ ಹೊರಟವರಿಗೆ ನಿಜಕ್ಕೂ ಏನು ಬೇಕು?

ಕೊನೇಮೈಲಿ:
ಒಂದು ವಿಷಯ ಬಹಳ ದಿನದಿಂದ ತಲೇಲಿ ಕೊರೀತಾ ಇದೆ. 2013ರ ಆಗಸ್ಟ್‌ನಲ್ಲಿ ಫೇಸ್‌ಬುಕ್ಕಿನ ಮಾರ್ಕ್ ಝುಕರ್‌ಬರ್ಗ್, ಇಂಟರ್ನೆಟ್ ಇಲ್ಲದವರಿಗೆ ಅದನ್ನ ಮುಟ್ಟಿಸೋ ಇಂಟರ್ನೆಟ್.ಆರ್ಗ್ ಅನ್ನೋ ಯೋಜನೆ ಶುರು ಮಾಡಿದಾಗ ಜೊತೆಗೊಂದು ಲೇಖನ ಬರೆದಿದ್ದರು, ಇಂಟರ್ನೆಟ್ ಸಂಪರ್ಕ ಮನುಷ್ಯನ ಹಕ್ಕೋ ಅಲ್ಲವೋ ಅಂತ. ಅದಕ್ಕೆ ಎರಡು ತಿಂಗಳು ಮುಂಚೆ ಗೂಗಲ್ ನ್ಯೂಜಿಲೆಂಡ್‌ನಲ್ಲಿ ಇಂಟರ್ನೆಟ್ ಬಲೂನು ಹಾರಿಸಿತ್ತು. ಆಮೇಲೆ ಸೌರಶಕ್ತಿಯ ಡ್ರೋನ್ ಬಂತು, ಸಾವಿರಾರು ಉಪಗ್ರಹ ಬಂದವು. ಎಲ್ಲರ ಬಾಯಲ್ಲೂ ಅದೇ ಮಂತ್ರ: ಇನ್ನೂ ಆನ್‌ಲೈನ್ ಆಗದವರನ್ನ ಆನ್‌ಲೈನ್ ಮಾಡ್ತೀವಿ.

ಇವರಿಗೆ ನಿಜಕ್ಕೂ ಆ ಕಾಳಜಿ ಇದೆಯಾ? "ಎಲ್ಲ ದುಡ್ಡಿಗಾಗಿ" ಅನ್ನೋ ಒಂದು ಸಾಲಿನ ಉತ್ತರ ಬೇಡ, ದಯವಿಟ್ಟು. ದುಡ್ಡಿಗೇ ಆದ್ರೆ ಈ ದಾರಿಯೇ ಯಾಕೆ? ಕೈಯಲ್ಲಿ ಕಾಸಿಲ್ಲದವರ ಹತ್ರ ಹೋಗಿ ಕಾಸು ಮಾಡೋದು ಹೇಗೆ?

ಉರಿಗಣ್ಣ:
ಎಲ್ಲ ದುಡ್ಡಿಗಾಗಿ.

ಲೆಕ್ಕಪತ್ರ:
ಉರಿಗಣ್ಣ ಅವರೇ, ಅವರು ಬೇಡ ಅಂದಿದ್ದನ್ನೇ ಬರೆದ್ರಲ್ಲ!

ಪ್ರಶ್ನೆ ಸರಿಯಾಗೇ ಇದೆ. ಫೇಸ್‌ಬುಕ್ಕಿನದೇ ಲೆಕ್ಕ ನೋಡಿ. 2019ರ ಕೊನೆಯ ಮೂರು ತಿಂಗಳಲ್ಲಿ ಅಮೆರಿಕ-ಕೆನಡಾದ ಒಬ್ಬ ಬಳಕೆದಾರನಿಂದ ಸರಾಸರಿ 41 ಡಾಲರ್ ಬಂತು. ಏಷ್ಯಾ-ಪೆಸಿಫಿಕ್‌ನವನಿಂದ ಬಂದದ್ದು ಮೂರೂವರೆ ಡಾಲರ್ ಆಸುಪಾಸು. ಅಂದ್ರೆ ಅಲ್ಲಿಯ ಒಬ್ಬರಿಗೆ ಇಲ್ಲಿಯ ಹತ್ತು ಜನಕ್ಕಿಂತ ಹೆಚ್ಚು ಬೇಕು. ಹೊಸದಾಗಿ ಬರೋ ಬಡವನಿಂದ ಇವತ್ತೇ ಲಾಭ ಇಲ್ಲ, ಇದು ನಿಜ.

ಆದ್ರೆ ಕಾಲ ನೋಡಿ. 2012ರ ಮೇ ತಿಂಗಳಲ್ಲಿ ಕಂಪನಿ ಷೇರುಪೇಟೆಗೆ ಬಂತು, ಅಕ್ಟೋಬರ್‌ನಲ್ಲಿ 100 ಕೋಟಿ ಬಳಕೆದಾರರಾದ್ರು. ಶ್ರೀಮಂತ ದೇಶಗಳಲ್ಲಿ ಸೇರಬೇಕಾದವರೆಲ್ಲ ಹೆಚ್ಚುಕಮ್ಮಿ ಸೇರಿಯಾಗಿತ್ತು. ಮುಂದಿನ 100 ಕೋಟಿ ಎಲ್ಲಿಂದ ಅಂತ ಹೂಡಿಕೆದಾರರು ಕೇಳ್ತಾರೆ, ಉತ್ತರ ಕೊಡಲೇಬೇಕು. ಅವರು ಕೊಳ್ಳೋದು ಇವತ್ತಿನ ಜಾಹೀರಾತನ್ನಲ್ಲ. ಒಬ್ಬ ಮನುಷ್ಯ ಜೀವನದಲ್ಲಿ ಮೊದಲ ಸಲ ಇಂಟರ್ನೆಟ್ ನೋಡೋವಾಗ ಅವನ ಕಣ್ಣಿಗೆ ಬೀಳೋ ಮೊದಲ ಪುಟ ತಮ್ಮದಾಗಿರಬೇಕು, ಅಷ್ಟೇ. ಆಮೇಲೆ ಅವನ ಸಂಬಳ ಏರುತ್ತಲ್ಲ.

ತಂತಿಯಪ್ಪ:
ಇದೇನು ಹೊಸದಲ್ಲ ಸ್ವಾಮಿ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿ ಹಾಕಿದಾಗಲೂ ಇನ್ನು ಯುದ್ಧವೇ ಇರೋಲ್ಲ, ದೇಶದೇಶಗಳು ಅಣ್ಣತಮ್ಮಂದಿರಾಗ್ತವೆ ಅಂತ ಭಾಷಣ ಮಾಡಿದ್ರು. ವಿಕ್ಟೋರಿಯಾ ರಾಣಿಯ 98 ಪದದ ಸಂದೇಶ ಆಚೆ ದಡ ಸೇರೋಕೆ 16 ಗಂಟೆ ಹಿಡೀತು. ಕೆಲವೇ ವಾರಕ್ಕೆ ತಂತಿ ಸತ್ತೂ ಹೋಯ್ತು, ಸಂಕೇತ ಬೇಗ ಹೋಗಲಿ ಅಂತ ವಿಪರೀತ ವೋಲ್ಟೇಜ್ ಕೊಟ್ಟು ಸುಟ್ಟರು. 1870ರಲ್ಲಿ ಇಂಗ್ಲೆಂಡಿನಿಂದ ಮುಂಬಯಿಗೆ ಸಮುದ್ರದಡಿ ತಂತಿ ಬಂತು. ಅದನ್ನ ಹಾಕಿಸಿದ ಜಾನ್ ಪೆಂಡರ್ ಹತ್ತಿ ವ್ಯಾಪಾರಿ. 1857ರ ದಂಗೆಯ ಸುದ್ದಿ ಲಂಡನ್‌ಗೆ ವಾರಗಟ್ಟಲೆ ತಡವಾಗಿ ಮುಟ್ಟಿದ್ದನ್ನ ಸರ್ಕಾರ ಮರೆತಿರಲಿಲ್ಲ. ವ್ಯಾಪಾರಿಗೆ ಹತ್ತಿಯ ದರ ಬೇಕು, ಸರ್ಕಾರಕ್ಕೆ ದಂಡಿನ ಸುದ್ದಿ ಬೇಕು, ಭಾಷಣದಲ್ಲಿ ಮಾತ್ರ ಮನುಕುಲ.

ಇನ್ನೊಂದು ಹೇಳ್ತೀನಿ, ಇದು ಕಡಿಮೆ ಜನಕ್ಕೆ ಗೊತ್ತು. "ಎಲ್ಲರಿಗೂ ಫೋನ್ ಸೇವೆ" ಅನ್ನೋ ಘೋಷಣೆ ಮೊದಲು ಹಾಕಿದ್ದು ಯಾವ ಸಮಾಜವಾದಿಯೂ ಅಲ್ಲ. 1908ರ ಹೊತ್ತಿಗೆ ಅಮೆರಿಕದ ದೊಡ್ಡ ಫೋನ್ ಕಂಪನಿ ಎಟಿ ಆಂಡ್ ಟಿಯ ಅಧ್ಯಕ್ಷನಾಗಿದ್ದ ಥಿಯೊಡರ್ ವೇಲ್. ಒಂದೇ ವ್ಯವಸ್ಥೆ, ಒಂದೇ ನೀತಿ, ಸಾರ್ವತ್ರಿಕ ಸೇವೆ ಅಂದ. ಆಗ ಅಮೆರಿಕದಲ್ಲಿ ಸಾವಿರಾರು ಸಣ್ಣಪುಟ್ಟ ಫೋನ್ ಕಂಪನಿಗಳಿದ್ದವು. ಎಲ್ಲರೂ ಒಂದಾಗಬೇಕು ಅಂದ್ರೆ ಎಲ್ಲರೂ ನನ್ನೊಳಗೆ ಒಂದಾಗಬೇಕು ಅಂತ ಅರ್ಥ!

ಮೂಲೆಮನೆ:
ಇದನ್ನ ಎಲ್ಲಿಂದ ಹುಡುಕ್ತೀರಿ ತಂತಿಯಪ್ಪನೋರೆ, ಬೇರೆ ಕೆಲಸ ಇಲ್ವಾ? 😄

ತಂತಿಯಪ್ಪ:
ನಿವೃತ್ತನಪ್ಪಾ. ಇಲ್ಲ.

ಗಾಳಿಪಟ:
ನಾನು ಸ್ವಲ್ಪ ಎದುರುವಾದ ಮಾಡ್ತೀನಿ. ಉದ್ದೇಶ ಕಟ್ಕೊಂಡು ನಮಗೇನು? ಗೂಗಲ್ ಬಲೂನಿನ ಕೆಲಸ ಒಮ್ಮೆ ಹತ್ತಿರದಿಂದ ಓದಿ ನೋಡಿ. ಟೆನಿಸ್ ಅಂಗಳದಷ್ಟು ದೊಡ್ಡ ಪಾಲಿಥೀನ್ ಬಲೂನು, ಸುಮಾರು 20 ಕಿಲೋಮೀಟರ್ ಎತ್ತರ, ವಿಮಾನಗಳಿಗಿಂತ ಮೇಲೆ. ಅದಕ್ಕೆ ಎಂಜಿನ್ ಇಲ್ಲ. ಒಳಗೆ ಇನ್ನೊಂದು ಗಾಳಿಚೀಲ. ಅದಕ್ಕೆ ಗಾಳಿ ತುಂಬಿದ್ರೆ ಭಾರವಾಗಿ ಇಳಿಯುತ್ತೆ, ಬಿಟ್ರೆ ಏರುತ್ತೆ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತಲ್ಲ, ಹೋಗಬೇಕಾದ ಕಡೆ ಬೀಸೋ ಪದರ ಹುಡುಕಿ ಅಲ್ಲಿ ಕೂರೋದು. ಒಂದು ಬಲೂನು 312 ದಿನ ಮೇಲಿತ್ತು. 2017ರಲ್ಲಿ ಮರಿಯಾ ಚಂಡಮಾರುತ ಬಡಿದು ಪೋರ್ಟೊ ರಿಕೊದ ಟವರುಗಳೆಲ್ಲ ನೆಲಕಚ್ಚಿದಾಗ ಇದೇ ಬಲೂನುಗಳಿಂದ ಜನರಿಗೆ ಸಿಗ್ನಲ್ ಸಿಕ್ತು.

2020ರ ಜುಲೈನಲ್ಲಿ ಕೀನ್ಯಾದಲ್ಲಿ ವಾಣಿಜ್ಯ ಸೇವೆ ಶುರುವಾಯ್ತು, 2021ರ ಜನವರಿಯಲ್ಲಿ ಇಡೀ ಯೋಜನೇನೇ ಮುಚ್ತೀವಿ ಅಂದ್ರು. ಖರ್ಚು ಗಿಟ್ಟಲಿಲ್ಲ. ಬರೀ ಹಣದಾಸೆಯವರು ಇಷ್ಟು ವರ್ಷ ಗಾಳಿಗೆ ದುಡ್ಡು ತೂರ್ತಾರಾ?

ಉರಿಗಣ್ಣ:
ಗಿಟ್ಟಲಿಲ್ಲ ಅಂತ ಮುಚ್ಚಿದ್ರು ಅಂತ ನೀವೇ ಬರೆದಿದ್ದೀರಲ್ಲ! ಹಕ್ಕು ಅಂದ್ರೆ ಗಿಟ್ಟದಿದ್ರೂ ಕೊಡೋದು. ಕೀನ್ಯಾದವರಿಗೆ ಆರು ತಿಂಗಳಿಗೇ ಟಾಟಾ.

ಗಾಳಿಪಟ:
ಹಾಗಾದ್ರೆ ಪ್ರಯತ್ನವೇ ಮಾಡಬಾರದಿತ್ತಾ?

ಉರಿಗಣ್ಣ:
ಮಾಡಲಿ. ಹಕ್ಕು ಗಿಕ್ಕು ಅಂತ ಡಂಗುರ ಹೊಡೀದೆ ಮಾಡಲಿ.

ಮೂಲೆಮನೆ:
ಬಿಲ್ ಗೇಟ್ಸ್ ಕೂಡ ಆಗಲೇ ಕುಟುಕಿದ್ರು ಕಣ್ರೀ. ಮಲೇರಿಯಾದಿಂದ ಸಾಯ್ತಾ ಇರೋನು ತಲೆ ಎತ್ತಿ ಬಲೂನು ನೋಡಿದ್ರೆ ಅವನಿಗೇನು ಉಪಯೋಗ ಅನ್ನೋ ಅರ್ಥದಲ್ಲಿ 2013ರಲ್ಲಿ ಒಂದು ಸಂದರ್ಶನದಲ್ಲಿ ಹೇಳಿದ್ರು.

ತಂತಿಯಪ್ಪ:
ಅದೇ ಗೇಟ್ಸ್ 1990ರ ದಶಕದಲ್ಲಿ ಮೊಬೈಲ್ ಉದ್ಯಮಿ ಕ್ರೇಗ್ ಮೆಕಾ ಜೊತೆ ಟೆಲಿಡೆಸಿಕ್ ಅನ್ನೋ ಕಂಪನಿಗೆ ದುಡ್ಡು ಹಾಕಿದ್ರು. 840 ಉಪಗ್ರಹ ಹಾರಿಸಿ ಭೂಮಿಯ ಮೂಲೆಮೂಲೆಗೂ ಇಂಟರ್ನೆಟ್ ಅನ್ನೋದು ಯೋಜನೆ. 2002ರಲ್ಲಿ ಕೈಬಿಟ್ರು. ಎಲಾನ್ ಮಸ್ಕ್‌ನ ಉಪಗ್ರಹ ಇಂಟರ್ನೆಟ್ ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹ ಹಾರಿದ್ದು 2019ರಲ್ಲಿ, ಆದ್ರೆ ಕನಸು ಹಳೇದೇ.

ಸೋಸುಬಟ್ಟೆ:
ಗಾಳಿಪಟ ಸಾರ್, ಉದ್ದೇಶ ಮುಖ್ಯ ಅಲ್ಲ ಅಂದ್ರಿ. ಒಪ್ತೀನಿ, ಯಾರ ಎದೆಯೊಳಗೆ ಏನಿದೆ ಅಂತ ನಾವು ಇಣುಕೋಕಾಗಲ್ಲ. ಆದ್ರೆ ಯಾವುದನ್ನ ಬಿಟ್ಟುಕೊಡೋಕೆ ಒಪ್ಪಲಿಲ್ಲ ಅಂತ ನೋಡಬಹುದು. ಅದಕ್ಕೆ ಫೇಸ್‌ಬುಕ್ಕಿನ ಪುಕ್ಕಟೆ ಇಂಟರ್ನೆಟ್ ಯೋಜನೆ ಫ್ರೀ ಬೇಸಿಕ್ಸ್‌ಗಿಂತ ಒಳ್ಳೆ ಉದಾಹರಣೆ ಇಲ್ಲ.

ಭಾರತಕ್ಕೆ ಅದು 2015ರ ಫೆಬ್ರವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಮೂಲಕ ಬಂತು, ಆಗ ಹೆಸರು ಇಂಟರ್ನೆಟ್.ಆರ್ಗ್. ತೆರೆದ್ರೆ ಒಂದು ಪಟ್ಟಿ. ಫೇಸ್‌ಬುಕ್, ಹವಾಮಾನ, ಒಂದಷ್ಟು ಸುದ್ದಿ, ಕೆಲಸದ ಜಾಹೀರಾತು, ವಿಕಿಪೀಡಿಯ. ಬರೀ ಅಕ್ಷರ, ವಿಡಿಯೊ ಇಲ್ಲ. ಪಟ್ಟಿಯ ಆಚೆಗಿನ ಒಂದು ಕೊಂಡಿ ಒತ್ತಿದ್ರೆ, ಇದಕ್ಕೆ ಡೇಟಾ ಶುಲ್ಕ ಆಗುತ್ತೆ ಅಂತ ಎಚ್ಚರಿಕೆ. ಪಟ್ಟೀಲಿ ಯಾರಿರಬೇಕು ಅಂತ ತೀರ್ಮಾನ ಮಾಡೋರು ಯಾರು ಅಂತ ಜನ ಕೇಳಿದ್ರು. 2015ರ ಮೇನಲ್ಲಿ ಯಾರು ಬೇಕಾದ್ರೂ ಸೇರಿ ಅಂದ್ರು, ಆದ್ರೆ ನಿಯಮ ಬರೆಯೋರು ಅವರೇ: ವಿಡಿಯೊ ಇರಬಾರದು, ದೊಡ್ಡ ಚಿತ್ರ ಇರಬಾರದು, ಎಲ್ಲವೂ ಮಧ್ಯೆ ಕೂತಿರೋ ಅವರ ಪ್ರಾಕ್ಸಿ ಸರ್ವರ್ ದಾಟಿಯೇ ಹೋಗಬೇಕು.

ಆಗ ಬಹಳ ಜನ ಒಂದು ಸುಲಭದ ದಾರಿ ಹೇಳಿದ್ರು. ಬಡವರಿಗೆ ಕೊಡಬೇಕು ಅಂತಿದ್ರೆ ತಿಂಗಳಿಗೆ ಇಷ್ಟು ಎಂಬಿ ಪುಕ್ಕಟೆ ಕೊಡಿ, ಎಲ್ಲಿ ಬೇಕೋ ಅಲ್ಲಿ ಹೋಗ್ಲಿ. ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ. ಇದನ್ನ ಮಾತ್ರ ಅವರು ಹಿಡೀಲಿಲ್ಲ. ಬದಲಿಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು, ಫೇಸ್‌ಬುಕ್ ತೆರೆದ್ರೆ "ಟ್ರಾಯ್‌ಗೆ ಸಂದೇಶ ಕಳಿಸಿ" ಅಂತ ಸಿದ್ಧ ಪತ್ರ. ದೇಶದ ಟೆಲಿಕಾಂ ನಿಯಂತ್ರಕ ಟ್ರಾಯ್ ಸಾರ್ವಜನಿಕ ಸಮಾಲೋಚನೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವೇ ಇರಲಿಲ್ಲ. ಸಮಾಲೋಚನೆಯನ್ನ ತಲೆ ಎಣಿಸೋ ಆಟ ಮಾಡ್ತಿದ್ದೀರಿ ಅಂತ ಟ್ರಾಯ್ ಖಾರವಾಗೇ ಬರೀತು. 2016ರ ಫೆಬ್ರವರಿ 8ಕ್ಕೆ ನಿಯಮ ಬಂತು: ಯಾವ ತಾಣ ಅಂತ ನೋಡಿ ಬೇರೆ ಬೇರೆ ದರ ಹಾಕೋ ಹಾಗಿಲ್ಲ, ಮುರಿದ ಟೆಲಿಕಾಂ ಕಂಪನಿಗೆ ದಿನಕ್ಕೆ 50,000 ರೂಪಾಯಿ ದಂಡ.

ಮೂಲೆಮನೆ:
ಮತ್ತೆ ಆಂಡ್ರೀಸನ್ ಟ್ವೀಟ್! ಫೇಸ್‌ಬುಕ್ ನಿರ್ದೇಶಕ ಮಂಡಳಿಯಲ್ಲಿದ್ದ ಮನುಷ್ಯ. ವಸಾಹತು ವಿರೋಧದಿಂದ ಭಾರತೀಯರಿಗೆ ದಶಕಗಟ್ಟಲೆ ಆರ್ಥಿಕ ನಷ್ಟವಾಗಿದೆ, ಈಗ್ಯಾಕೆ ನಿಲ್ಲಿಸ್ತೀರಿ ಅಂತ ಬರೆದು, ಬೈಸ್ಕೊಂಡು, ಅಳಿಸಿ, ಕ್ಷಮೆ ಕೇಳಿದ್ರು. ಝುಕರ್‌ಬರ್ಗೇ ಅದು ನಮ್ಮ ಅಭಿಪ್ರಾಯ ಅಲ್ಲ ಅನ್ನಬೇಕಾಯ್ತು.

ಎರಿಹೊಲ:
ಅಲ್ರೀ, ಆಮ್ಯಾಲೆ ಏನಾತು ಅದನ್ನೂ ಹೇಳ್ರಿ. 2016ರ ಸಪ್ಟೆಂಬರ್‌ದಾಗ ಜಿಯೊ ಬಂತು. ಹಕ್ಕು ಇಲ್ಲ, ಉದ್ಧಾರ ಇಲ್ಲ, ಸೀದಾ ಧಂದೆ. ಡೇಟಾ ದರ ಪಾತಾಳಕ್ಕ ಬಿತ್ತು, ಮಂದಿ ತಾನೇ ಆನ್‌ಲೈನ್ ಆದ್ರು. ಇಷ್ಟಾದ ಮ್ಯಾಲೆ 2020ರ ಏಪ್ರಿಲ್‌ದಾಗ ಫೇಸ್‌ಬುಕ್‌ನವ್ರು 43,574 ಕೋಟಿ ಕೊಟ್ಟು ಜಿಯೊ ಪ್ಲಾಟ್‌ಫಾರ್ಮ್ಸ್‌ದಾಗ 9.99 ಪರ್ಸೆಂಟ್ ತಗೊಂಡ್ರು. ಮೂರು ತಿಂಗಳಿಗೆ ಗೂಗಲ್‌ನವ್ರೂ ಬಂದ್ರು. ಮುಂದಿನ ಬಾಗಲಾ ಹಾಕಿದ್ರ ಹಿತ್ತಲ ಬಾಗಲಾ ಐತಲ್ರೀ.

ಲೆಕ್ಕಪತ್ರ:
ಅಲ್ಪಪಾಲು ಅದು, ಹಿಡಿತ ಅಲ್ಲ. ಆದ್ರೂ ಮಾತು ಒಪ್ಪಿದೆ.

ಬೆಳ್ಳುಳ್ಳಿ:
ಜಿಯೊ ಕೂಡ ಮೊದಲು ಪುಕ್ಕಟೆ ಹಂಚಿ ಆಮೇಲೆ ದರ ಏರಿಸಿದ್ದು. ಅದನ್ನ ಯಾರೂ ವಸಾಹತುಶಾಹಿ ಅನ್ನಲ್ಲ ನೋಡಿ.

ಹಿಂಬಾಗಿಲು:
ಇಲ್ಲಿ ಬರೀಬೇಕೋ ಬೇಡವೋ ಅಂತ ಯೋಚಿಸ್ತಿದ್ದೆ. ನಾನೊಂದು ಕಂಪನಿಯಲ್ಲಿ, ಹೆಸರು ಬೇಡ, "ಮುಂದಿನ 100 ಕೋಟಿ ಬಳಕೆದಾರರು" ಅನ್ನೋ ಥರದ ಒಂದು ತಂಡದಲ್ಲಿ ಕೆಲಸ ಮಾಡಿದವಳು. ಒಳಗಿನ ಚಿತ್ರ ನೀವಿಲ್ಲಿ ಅಂದುಕೊಂಡಷ್ಟು ಸರಳ ಇಲ್ಲ.

ಪ್ರತಿ ಸಭೆಯ ಮೊದಲ ಸ್ಲೈಡ್ ಒಂದೇ: ಗದ್ದೆಯಲ್ಲಿ ನಿಂತು ಫೋನ್ ಹಿಡಿದು ನಗೋ ಹೆಂಗಸು. ಎರಡನೇ ಸ್ಲೈಡ್ ಗ್ರಾಫು. ಮೊದಲ ಸ್ಲೈಡ್ ನೋಡುವಾಗ ತಂಡದವರ ಕಣ್ಣಲ್ಲಿ ಇದ್ದದ್ದು ನಾಟಕ ಅಲ್ಲ, ಪ್ರಮಾಣ ಮಾಡಿ ಹೇಳ್ತೀನಿ. ಕಡಿಮೆ ರ್‍ಯಾಮಿನ ಫೋನಿನಲ್ಲಿ ಆ್ಯಪ್ ಓಡಲಿ ಅಂತ ಒಬ್ಬ ಹುಡುಗ ರಾತ್ರಿಯೆಲ್ಲ ಕೂತು ಒಂದೊಂದು ಕೆಬಿ ಉಜ್ಜಿ ತೆಗೀತಿದ್ದ. ಬಡ್ತಿಗಾಗಿ ಯಾರೂ ಹಾಗೆ ದುಡಿಯಲ್ಲ.

ಆದ್ರೆ ಮೂರು ತಿಂಗಳಿಗೊಮ್ಮೆ ನಮ್ಮನ್ನ ಅಳೀತಿದ್ದದ್ದು ಎರಡನೇ ಸ್ಲೈಡಿನಿಂದ. ಈ ತಿಂಗಳು ಹೊಸಬರು ಎಷ್ಟು, 30 ದಿನ ಆದ್ಮೇಲೆ ಉಳಿದವರು ಎಷ್ಟು. ಆ ಹೆಂಗಸಿಗೆ ಇದರಿಂದ ಏನಾಯ್ತು ಅನ್ನೋದಕ್ಕೆ ಕಾಲಂ ಇರಲಿಲ್ಲ. ಒಮ್ಮೆ ನಾನೇ ಕೇಳಿದೆ, ಅವಳು ನಮ್ಮ ಆ್ಯಪ್ ಬಿಟ್ಟು ಬೇರೆ ತಾಣಗಳಿಗೆ ಹೋಗೋಕೆ ಕಲಿತ್ರೆ ಅದು ನಮ್ಮ ಗೆಲುವೋ ಸೋಲೋ ಅಂತ. "ಒಳ್ಳೆ ಪ್ರಶ್ನೆ" ಅಂದ್ರು ಮ್ಯಾನೇಜರ್. ಮುಂದಿನ ಸ್ಲೈಡ್‌ಗೆ ಹೋದ್ರು.

ಸೋಸುಬಟ್ಟೆ:
ಹಿಂಬಾಗಿಲು ಅಕ್ಕಾ, ಈ ಒಂದು ಕಾಮೆಂಟಿಗೇ ಇಡೀ ಚರ್ಚೆ ಸಾರ್ಥಕ.

ಗಾಳಿಪಟ:
ನೋಡಿ, ನಾನು ಹೇಳಿದ್ದೂ ಇದನ್ನೇ. ಅವರು ನಂಬಿಯೇ ಮಾಡ್ತಾರೆ.

ಉರಿಗಣ್ಣ:
ನಂಬಿ ಮಾಡೋರೇ ಹೆಚ್ಚು ಅಪಾಯ ಗುರು. ಲಾಭಕ್ಕೆ ಮಾಡೋನು ನಷ್ಟ ಆದ್ರೆ ನಿಲ್ಲಿಸ್ತಾನೆ. 2016ರ ಜೂನ್‌ನಲ್ಲಿ ಫೇಸ್‌ಬುಕ್ಕಿನ ಆಂಡ್ರೂ ಬಾಸ್ವರ್ತ್ ಒಳಗಿನವರಿಗೆ ಒಂದು ಟಿಪ್ಪಣಿ ಬರೆದಿದ್ದ, 2018ರಲ್ಲಿ ಸುದ್ದಿತಾಣ ಬಜ್‌ಫೀಡ್ ಹೊರಗೆ ಹಾಕ್ತು. ನಮ್ಮ ಸಾಧನ ಬಳಸಿ ಯಾರೋ ಭಯೋತ್ಪಾದಕರ ದಾಳಿ ಮಾಡಿ ಯಾರೋ ಸಾಯಬಹುದು, ಆದ್ರೂ ನಾವು ಜನರನ್ನ ಬೆಸೆಯುತ್ತೇವೆ ಅನ್ನೋದು ಅದರ ಸಾರ. ಸುಮ್ಮನೆ ಚರ್ಚೆ ಹುಟ್ಟಿಸೋಕೆ ಬರೆದೆ ಅಂದ ಆಮೇಲೆ. ಝುಕರ್‌ಬರ್ಗ್ ಕೂಡ ಒಪ್ಪಲ್ಲ ಅಂದ್ರು. ಆದ್ರೆ ಬರೆದದ್ದು ಯಾರೋ ಗುಮಾಸ್ತ ಅಲ್ಲ, ಉಪಾಧ್ಯಕ್ಷ.

ಅಕ್ಷರಕೋಶ:
ಮ್ಯಾನ್ಮಾರ್ ಹೆಸರು ಇಷ್ಟೊತ್ತಾದ್ರೂ ಯಾರೂ ಎತ್ತಲಿಲ್ಲ! 2014ರಲ್ಲಿ ವಿದೇಶಿ ಟೆಲಿಕಾಂ ಕಂಪನಿಗಳು ಬಂದು, ಅದುವರೆಗೆ ನೂರಾರು ಡಾಲರ್ ಇದ್ದ ಸಿಮ್ ಒಂದೆರಡು ಡಾಲರ್‌ಗೆ ಇಳೀತು. 2016ರಲ್ಲಿ ಫ್ರೀ ಬೇಸಿಕ್ಸ್ ಕೂಡ ಬಂತು. ಬಹಳ ಜನರಿಗೆ ಫೇಸ್‌ಬುಕ್ಕೇ ಇಂಟರ್ನೆಟ್. ಅಲ್ಲಿಯ ಮುಸ್ಲಿಂ ಅಲ್ಪಸಂಖ್ಯಾತ ರೋಹಿಂಗ್ಯಾಗಳ ಮೇಲಿನ ದ್ವೇಷ ಹರಡಿದ್ದು ಅಲ್ಲೇ ಅಂತ ವಿಶ್ವಸಂಸ್ಥೆಯ ತನಿಖಾ ತಂಡ 2018ರಲ್ಲಿ ಹೇಳ್ತು. ಅದೇ ವರ್ಷ ನವೆಂಬರ್‌ನಲ್ಲಿ, ತಡೆಯೋಕೆ ಸಾಕಷ್ಟು ಮಾಡಲಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು.

ನನಗೆ ಬಹಳ ತಟ್ಟಿದ್ದು ಅದರ ತಾಂತ್ರಿಕ ಭಾಗ. ಅಲ್ಲಿಯ ಬಹುತೇಕ ಜನ ಎಲ್ಲ ಕಂಪ್ಯೂಟರಿಗೂ ಅರ್ಥವಾಗೋ ಅಕ್ಷರಸಂಕೇತ ಯೂನಿಕೋಡ್ ಬಳಸ್ತಿರಲಿಲ್ಲ, ಝಾಗ್ಯಿ ಅನ್ನೋ ಬೇರೆ ಸಂಕೇತದ ಫಾಂಟ್ ಇತ್ತು. ನಮ್ಮ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದು ಕಣ್ಣು ಬಿಟ್ಟವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ. ದ್ವೇಷದ ಬರಹವನ್ನ ಹುಡುಕಬೇಕಾದ ತಂತ್ರಾಂಶಕ್ಕೆ ಅದು ಕಲಸುಮೇಲೋಗರ. ಬರ್ಮೀ ಬಲ್ಲ ಪರಿಶೀಲಕರು ಕೂಡ ಬೆರಳೆಣಿಕೆ. ಆ ಭಾಷೆಯವರನ್ನ ಕೋಟಿಗಟ್ಟಲೆ ಒಳಗೆ ಕರೆಯುವಾಗ ಇದನ್ನ ಮೊದಲು ನೋಡಬೇಡ್ವಾ? ಕರೆಯೋ ತಂಡಕ್ಕೆ ಹಣ ಇತ್ತು, ಕಾಯೋ ತಂಡಕ್ಕೆ ಇರಲಿಲ್ಲ. ಉದ್ದೇಶ ಏನು ಅಂತ ಕೇಳೋರಿಗೆ ನಾನು ತೋರಿಸೋದು ಇದನ್ನೇ.

ಬೆಳ್ಳುಳ್ಳಿ:
ಆಸ್ಕಿ ನೆನಪಿಸಿ ಗಾಯ ಕೆರೆದ್ರಿ. ನನ್ನ ಹಳೇ ಪ್ರಬಂಧ ಇವತ್ತಿಗೂ ತೆರೆಯಲ್ಲ.

ಅಕ್ಷರಕೋಶ:
ಪರಿವರ್ತಕಗಳಿವೆ, ಬೇರೆ ಚರ್ಚೆ ತೆರೀರಿ, ಹೇಳ್ತೀನಿ.

ಕಡಲಮಗ:
ಮಸ್ಕ್‌ನ ಬಗ್ಗೆ ಯಾರೂ ಮಾತಾಡುದಿಲ್ವಾ ಮಾರಾಯ್ರೆ? ಉಕ್ರೇನಿನವರು 2022ರ ಫೆಬ್ರವರಿಯಲ್ಲಿ ಟ್ವಿಟರಿನಲ್ಲಿ ಕೇಳಿದ್ರು, ಕೆಲವೇ ಗಂಟೆಯಲ್ಲಿ ಸ್ಟಾರ್‌ಲಿಂಕ್ ಕೊಟ್ಟ. ಎಷ್ಟು ಒಳ್ಳೆದಾಯ್ತು. ಆಮೇಲೆ ಕ್ರಿಮಿಯಾದ ಹತ್ರ ಯುದ್ಧದ ಮಧ್ಯೆ ಆಫ್ ಮಾಡಿಬಿಟ್ಟ.

ಲೆಕ್ಕಪತ್ರ:
ಸಣ್ಣ ತಿದ್ದುಪಡಿ. ಅಲ್ಲಿ ಮೊದಲೇ ಸೇವೆ ಇರಲಿಲ್ಲ, ಆನ್ ಮಾಡಿ ಅಂತ ಕೇಳಿದಾಗ ಒಪ್ಪಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮಸ್ಕ್ ಅವರೇ ಹೇಳಿದ್ದು ಇದು.

ಕಡಲಮಗ:
ಸರಿ, ಆನ್ ಮಾಡ್ಲಿಲ್ಲ. ಆದ್ರೆ ಅದನ್ನು ತೀರ್ಮಾನ ಮಾಡುದು ಒಬ್ಬ ಮನುಷ್ಯ ಅಲ್ವಾ? ಯಾವ ಪಾರ್ಲಿಮೆಂಟೂ ಓಟು ಹಾಕ್ಲಿಲ್ಲ.

ಗಾಳಿಪಟ:
ಸರ್ಕಾರಗಳ ಕೈಗೆ ಕೊಟ್ರೆ ಸಾಚಾನಾ? ಗಲಾಟೆ ಆದ ತಕ್ಷಣ, ಎಷ್ಟೋ ಸಲ ಪರೀಕ್ಷೇಲಿ ನಕಲು ತಡೆಯೋಕೆ ಕೂಡ ಇಂಟರ್ನೆಟ್ ಕಡಿದು ಹಾಕೋರು ಅವರೇ.

ಕಡಲಮಗ:
ಅದೂ ಹೌದು ಮಾರಾಯ್ರೆ. ಆದ್ರೆ ಸರ್ಕಾರದ ಮೇಲೆ ಕೋರ್ಟಿಗಾದ್ರೂ ಹೋಗ್ಲಿಕ್ಕಾಗ್ತದೆ.

ಮೂಲೆಮನೆ:
ಮಸ್ಕ್ ಹೆಸರು ಬಂದಿದ್ದಕ್ಕೆ ಒಂದು ತಮಾಷೆ. 2016ರ ಸೆಪ್ಟೆಂಬರ್ 1, ಕೇಪ್ ಕೆನವರಲ್. ಆಫ್ರಿಕಾಕ್ಕೆ ಇಂಟರ್ನೆಟ್ ಕೊಡೋಕೆ ಫೇಸ್‌ಬುಕ್ ಬಾಡಿಗೆಗೆ ಹಿಡಿದಿದ್ದ ಆಮೋಸ್-6 ಉಪಗ್ರಹ ಮಸ್ಕ್‌ನದೇ ಕಂಪನಿ ಸ್ಪೇಸ್‌ಎಕ್ಸ್‌ನ ರಾಕೆಟ್ಟಿನ ಮೇಲೆ ಕೂತಿತ್ತು. ಹಾರೋಕೆ ಎರಡು ದಿನ ಮುಂಚೆ ಪರೀಕ್ಷೆ ಮಾಡುವಾಗ ರಾಕೆಟ್ಟೂ ಉಪಗ್ರಹವೂ ಭಸ್ಮ. ಝುಕರ್‌ಬರ್ಗ್ ಆಗ ಆಫ್ರಿಕಾದಲ್ಲೇ ಇದ್ರು!

ತೂತುಕೊಡೆ:
ಆಕಾಶ ಬಿಡಿ, ಸಮುದ್ರ ನೋಡಿ. ಖಂಡಗಳ ನಡುವಿನ ಡೇಟಾದಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಪಾಲು ಹೋಗೋದು ಸಮುದ್ರದಡಿಯ ಕೇಬಲ್ಲಿನಲ್ಲಿ. ಮೊದಲೆಲ್ಲ ಟೆಲಿಕಾಂ ಕಂಪನಿಗಳು ಸೇರಿ ಹಾಕ್ತಿದ್ವು. ಈಗ ಗೂಗಲ್‌ನ ಈಕ್ವಿಯಾನೊ ಪೋರ್ಚುಗಲ್‌ನಿಂದ ದಕ್ಷಿಣ ಆಫ್ರಿಕಾಕ್ಕೆ, ಮೆಟಾ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) ಮತ್ತು ಜೊತೆಗಾರರ 2ಆಫ್ರಿಕಾ ಇಡೀ ಖಂಡದ ಸುತ್ತ. 2025ರಲ್ಲಿ ಮೆಟಾ ವಾಟರ್‌ವರ್ತ್ ಅಂತ 50,000 ಕಿಲೋಮೀಟರ್ ದಾಟೋ ಕೇಬಲ್ ಘೋಷಿಸ್ತು, ಭಾರತಕ್ಕೂ ಬರುತ್ತೆ. ಅದರ ಪ್ರಕಟಣೆಯಲ್ಲಿ ಎಐ ಜಪ ಜೋರು. ಬಲೂನಿನ ಕಾಲದಲ್ಲಿ ಬಡವನ ಹೆಸರು ಹೇಳ್ತಿದ್ರು, ಈಗ ಡೇಟಾ ಸೆಂಟರಿನ ಹೆಸರು. ನನಗೆ ಈಗಿನದ್ದೇ ಹಿತ, ಸುಳ್ಳಿನ ಲೇಪ ಕಡಿಮೆ.

ಎರಿಹೊಲ:
ಖರೆ ಸಮಸ್ಯೆ ಬ್ಯಾರೇನೇ ಐತ್ರಿ. ವಿಶ್ವಸಂಸ್ಥೆಯ ಐಟಿಯು ಲೆಕ್ಕದಾಗ 2024ರಲ್ಲಿ 260 ಕೋಟಿ ಮಂದಿ ಆಫ್‌ಲೈನ್. ಇವರಾಗ ಬಹುಪಾಲು ಮಂದಿ ಇರೂದು ಮೊಬೈಲ್ ಸಿಗ್ನಲ್ ಇರೋ ಜಾಗಾದಾಗ. ಸಿಗ್ನಲ್ ಐತಿ, ಫೋನ್ ಕೊಳ್ಳಾಕ ರೊಕ್ಕಿಲ್ಲ. ಫೋನ್ ಐತಿ, ಓದಾಕ ಬರೂದಿಲ್ಲ. ಓದಾಕ ಬಂದ್ರೂ ಅವರ ಭಾಷಾದಾಗ ಏನೂ ಇಲ್ಲ. ಮನಿಯಾಗ ಒಂದ ಫೋನ್ ಇದ್ರ ಅದು ಗಂಡಸರ ಕೈಯಾಗ. ಇದಕ್ಕ ಉಪಗ್ರಹ ಏನ್ ಮಾಡ್ತೈತಿ? ಮಾಸ್ತರ್ ಬೇಕು. ಮಾಸ್ತರ್‌ನ ರಾಕೆಟ್ಟಿನ್ಯಾಗ ಹಾರಿಸಾಕ ಬರೂದಿಲ್ಲ, ಹಂಗಾಗಿ ಯಾರಿಗೂ ಆಸಕ್ತಿ ಇಲ್ಲ.

ಬೆಳ್ಳುಳ್ಳಿ:
ಆನ್‌ಲೈನ್ ಆದವರ ಉದ್ದೇಶ ಏನು ಅಂತಲೂ ಕೇಳಿ ಸ್ವಲ್ಪ. ಅಂಗೋಲಾದಲ್ಲಿ ವಿಕಿಪೀಡಿಯ ಮತ್ತು ಫೇಸ್‌ಬುಕ್ ಪುಕ್ಕಟೆ ಕೊಟ್ರು, ಜ್ಞಾನ ಬೆಳೆಯಲಿ ಅಂತ. ಅಲ್ಲಿಯ ಹುಡುಗರು ವಿಕಿಮೀಡಿಯಾದ ಕಡತಗಳೊಳಗೆ ಸಿನಿಮಾ ಅಡಗಿಸಿಟ್ಟು ಫೇಸ್‌ಬುಕ್ ಗುಂಪಿನಲ್ಲಿ ಕೊಂಡಿ ಹಂಚ್ಕೊಂಡು ನೋಡಿದ್ರು. 2016ರಲ್ಲಿ ದೊಡ್ಡ ಸುದ್ದಿ. ವಿಕಿಪೀಡಿಯದವರಿಗೆ ಅವರನ್ನ ತಡೆಯೋದೋ ಬಿಡೋದೋ ಗೊತ್ತಾಗದೆ ತಲೆ ಕೆಟ್ಟುಹೋಯ್ತು.

ಸೋಸುಬಟ್ಟೆ:
ಪಟ್ಟಿ ಕೊಟ್ರೆ ಗೋಡೆ ಹಾರ್ತಾರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ! ಹುಡುಗರು ಜಾಣರು.

ಕೊನೇಮೈಲಿ:
ಎಲ್ಲ ಓದಿದೆ, ಥ್ಯಾಂಕ್ಸ್. ಸೋಸುಬಟ್ಟೆ ಅವರ ಲೆಕ್ಕದಲ್ಲೇ ಕೇಳ್ತೀನಿ: ಅಮೆಜಾನ್ ಕೂಡ ಉಪಗ್ರಹ ಇಂಟರ್ನೆಟ್‌ಗೆ ಇಳಿದಿದೆಯಲ್ಲ, ಯಾಕೆ ಇಷ್ಟು ಅವಸರದಲ್ಲಿದೆ? ಸ್ಟಾರ್‌ಲಿಂಕ್ ಇದ್ದ ಮೇಲೂ ಇನ್ನೊಂದು 3,236 ಉಪಗ್ರಹ ಯಾಕೆ? ಅವರು ಬಿಟ್ಟುಕೊಡದೆ ಇರೋದು ಯಾವುದು?

ಲೆಕ್ಕಪತ್ರ:
ಜಾಗ. 2020ರ ಜುಲೈನಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಅನುಮತಿ ಕೊಟ್ಟಾಗ ಷರತ್ತಿತ್ತು: ಅರ್ಧ ಉಪಗ್ರಹಗಳು 2026ರ ಜುಲೈ ಒಳಗೆ ಮೇಲಿರಬೇಕು, ಉಳಿದವು 2029ರ ಜುಲೈ ಒಳಗೆ. ತರಂಗಾಂತರ ಹಿಡಿದು ಸುಮ್ಮನೆ ಕೂರೋ ಹಾಗಿಲ್ಲ. ಭೂಮಿಗೆ ಹತ್ತಿರದ ಕೆಳಕಕ್ಷೆಯೂ ತರಂಗಾಂತರವೂ ಅಳತೆ ಇರೋ ಆಸ್ತಿ, ಮೊದಲು ಬಂದವನು ಆಮೇಲೆ ಬಂದವನನ್ನ ನನಗೆ ಅಡ್ಡ ಬರಬೇಡ ಅನ್ನಬಹುದು. ಗಡುವು ತಪ್ಪಿದ್ರೆ ಹಕ್ಕು ಕುಗ್ಗುತ್ತೆ. ಅವಸರ ಅದಕ್ಕೆ.

ತಂತಿಯಪ್ಪ:
ದಿವಾಳಿ ಆದ್ರೂ ಆ ಜಾಗಕ್ಕೆ ಬೆಲೆ ಇದೆ. ಇರಿಡಿಯಂ 1998ರಲ್ಲಿ 66 ಉಪಗ್ರಹದ ಫೋನ್ ಸೇವೆ ಶುರು ಮಾಡಿ ಮರುವರ್ಷವೇ ಪಾಪರ್ ಆಯ್ತು. ಸುಮಾರು 500 ಕೋಟಿ ಡಾಲರಿನ ಆಸ್ತಿಯನ್ನ ಬರೀ 2.5 ಕೋಟಿ ಡಾಲರ್‌ಗೆ ಕೊಂಡ್ರು, ಅಮೆರಿಕದ ಸೇನೆ ಗಿರಾಕಿ ಆಯ್ತು, ಇವತ್ತಿಗೂ ನಡೀತಿದೆ. 2020ರಲ್ಲಿ ಇನ್ನೊಂದು ಉಪಗ್ರಹ ಇಂಟರ್ನೆಟ್ ಕಂಪನಿ ಒನ್‌ವೆಬ್ ಮುಳುಗಿದಾಗ ಎತ್ತಿದ್ದು ಬ್ರಿಟನ್ ಸರ್ಕಾರ ಮತ್ತು ಭಾರ್ತಿ.

ಉರಿಗಣ್ಣ:
ಅಂದ್ರೆ ನನ್ನ ಒಂದು ಸಾಲಿನ ಉತ್ತರವೇ ಸರಿ ಇತ್ತು.

ಹಿಂಬಾಗಿಲು:
ಇಲ್ಲ. ಆ ಹುಡುಗ ರಾತ್ರಿಯೆಲ್ಲ ಕೂತಿದ್ದು ಯಾಕೆ ಅಂತ ಅದು ಹೇಳಲ್ಲ.

ಉರಿಗಣ್ಣ:
ಅವನ ಕೆಲಸದಿಂದ ಷೇರು ಏರಿದ್ದು ಯಾರದ್ದು ಮೇಡಂ?

ಹಿಂಬಾಗಿಲು:
ಅವನದ್ದೂ ಸ್ವಲ್ಪ ಇತ್ತು, ನನ್ನದೂ ಇತ್ತು. ಮಾರಿಬಿಟ್ಟೆ.